ಕಾರ್ಟೂನಿನ ಕೆಳಗೆ, ಅದನ್ನು ಬರೆಸಿದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಈಚೆಗೆ ಹೊರದೇಶದ ಕಾರ್ಟೂನುಗಳು ಜಾಸ್ತಿ ಬರುತ್ತಿವೆ. ಅವು ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ಕಾರ್ಟೂನು ಅಂದರೆ ಇಷ್ಟ, ಪೇಪರ್ ಕೈಗೆ ಬಂದ ಕೂಡಲೇ ಮೊದಲು ಹುಡುಕುವುದೇ ಅದನ್ನು. ನನ್ನ ತಕರಾರು ಅದರ ಕೆಳಗಿನ ಸಣ್ಣ ಅಕ್ಷರದ ಬಗ್ಗೆ. ‘ಚಿತ್ರಕೃಪೆ: ಅಂತರ್ಜಾಲ’ ಅಂತ ಹಾಕಿ ಮುಗಿಸಿಬಿಡುತ್ತೀರಿ. ಬರೆದದ್ದು ಯಾರು, ಮೊದಲು ಅಚ್ಚಾದದ್ದು ಎಲ್ಲಿ, ಆ ಪತ್ರಿಕೆಗೆ ದುಡ್ಡು ಹಾಕುವವರು ಯಾರು, ಒಂದೂ ಗೊತ್ತಾಗುವುದಿಲ್ಲ. ಈಚೆಗೆ ಬಂದ ಒಂದು ಚಿತ್ರದ ಮೂಲೆಯಲ್ಲಿ ಸಹಿ ಇತ್ತು. ಅದನ್ನು ಹಿಡಿದು ಹುಡುಕಿದರೆ, ಚಿತ್ರ ಒಂದು ದೇಶದ ಸರ್ಕಾರವೇ ನಡೆಸುವ ಪತ್ರಿಕೆಯದು. ಅಂದರೆ ಅದು ಒಂದು ಸರ್ಕಾರ ಇನ್ನೊಂದು ಸರ್ಕಾರದ ಬಗ್ಗೆ ಕೊಟ್ಟ ಹೇಳಿಕೆ. ನಾವು ಅದನ್ನು ನಗೆಚಿತ್ರ ಅಂದುಕೊಂಡು, ನಕ್ಕು, ವಾಟ್ಸಾಪಿನಲ್ಲಿ ನಾಲ್ಕು ಜನಕ್ಕೆ ಕಳಿಸಿದೆವು.

ಅದೇ ಮಾತನ್ನು ಆ ದೇಶದ ವಿದೇಶಾಂಗ ವಕ್ತಾರರು ಆಡಿದ್ದರೆ ನೀವು ‘ವಕ್ತಾರರು ಆರೋಪಿಸಿದ್ದಾರೆ’ ಅಂತ ಬರೆಯುತ್ತಿದ್ದಿರಿ, ಅಲ್ವಾ? ಚಿತ್ರಕ್ಕೆ ಯಾಕೆ ಆ ಎಚ್ಚರ ಇಲ್ಲ?

ಯಾಕೆ ಅಂತ ಊಹಿಸಬಲ್ಲೆ. ಕಾರ್ಟೂನು ಅಂದ ಕೂಡಲೇ ನಮ್ಮ ಕಡೆ ಅದು ಅಧಿಕಾರದಲ್ಲಿ ಇರುವವರನ್ನು ಚುಚ್ಚುವ ಕೆಲಸ ಅಂತಲೇ ಲೆಕ್ಕ. ಹಾಸ್ಯ ಲೇಖಕ ರಾಶಿಯವರು 1942ರಲ್ಲಿ ಶುರು ಮಾಡಿದ ನಗೆಪತ್ರಿಕೆ ‘ಕೊರವಂಜಿ’ಯಲ್ಲಿ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು, ಆಮೇಲೆ ಮುಂಬೈಗೆ ಹೋಗಿ ದಶಕಗಟ್ಟಲೆ ಪ್ರಧಾನಿಗಳನ್ನು, ಮಂತ್ರಿಗಳನ್ನು ಬಿಡದೆ ಬರೆದರು. ಅಂಥವರನ್ನು ನೋಡಿ ಬೆಳೆದ ನಮಗೆ ಕಾರ್ಟೂನಿಸ್ಟ್ ಅಂದರೆ ತಾನಾಗಿಯೇ ನಂಬಿಕೆ. ಅವನು ನಮ್ಮ ಪರವಾಗಿ ಮಾತಾಡುತ್ತಾನೆ ಅನ್ನುವ ನಂಬಿಕೆ. ಸರ್ಕಾರಿ ಮಾಧ್ಯಮ ಬಳಸಿಕೊಳ್ಳುವುದು ಈ ನಂಬಿಕೆಯನ್ನೇ. ಈ ಪತ್ರ ಸ್ವಲ್ಪ ಉದ್ದವಾಗುತ್ತದೆ, ಬೇಕಾದ ಕಡೆ ಕತ್ತರಿಸಿ ಹಾಕಿ. ಆದರೆ ಒಬ್ಬ ಕಲಾವಿದನ ವಿಷಯ ಹೇಳಲೇಬೇಕು, ಆ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಬೋರಿಸ್ ಎಫಿಮೊವ್ ಅಂತ. ಹುಟ್ಟಿದ್ದು 1900ರಲ್ಲಿ, ಕೀವ್‌ನಲ್ಲಿ. ತೀರಿಕೊಂಡದ್ದು 2008ರಲ್ಲಿ, ಮಾಸ್ಕೊದಲ್ಲಿ. ನೂರು ವರ್ಷ ದಾಟಿ ಬದುಕಿದ ಮನುಷ್ಯ, ಬದುಕಿನ ಬಹುಪಾಲು ಸೋವಿಯತ್ ಸರ್ಕಾರದ ಪತ್ರಿಕೆಗಳಿಗೆ ಚಿತ್ರ ಬರೆದ. ‘ಇಜ್ವೆಸ್ತಿಯಾ’, ‘ಪ್ರಾವ್ದಾ’, ‘ಕ್ರೊಕೊಡಿಲ್’, ಎಲ್ಲ ಕಡೆ ಅವನ ಚಿತ್ರಗಳು. ಅಸಾಧ್ಯ ಕೈ. ನಾಲ್ಕು ಗೆರೆಯಲ್ಲಿ ಹಿಟ್ಲರನ ಪ್ರಚಾರಮಂತ್ರಿ ಗೊಬೆಲ್ಸ್‌ನ ಮುಖ ಹಿಡಿಯುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಅವನು ಹಿಟ್ಲರನ ಮೇಲೆ ಬರೆದ ಚಿತ್ರಗಳು ರಣರಂಗದಲ್ಲಿದ್ದ ಸೈನಿಕರಿಗೆ ನಿಜಕ್ಕೂ ಧೈರ್ಯ ಕೊಟ್ಟವು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕಂದರೆ ಪ್ರಚಾರ ಅಂದರೆ ಬರೀ ಸುಳ್ಳು, ಕಳಪೆ ಚಿತ್ರ ಅಂತ ನಾವು ಅಂದುಕೊಂಡರೆ ಒಳ್ಳೆಯ ಚಿತ್ರ ಬಂದಾಗ ಮೋಸ ಹೋಗುತ್ತೇವೆ.

1924ರಲ್ಲಿ ಎಫಿಮೊವ್‌ನ ಚಿತ್ರಗಳ ಮೊದಲ ಸಂಕಲನ ಬಂತು. ಮುನ್ನುಡಿ ಬರೆದದ್ದು ಟ್ರಾಟ್‌ಸ್ಕಿ. ಆಗ ಅವನು ರಷ್ಯಾ ಕ್ರಾಂತಿಯ ದೊಡ್ಡ ನಾಯಕ. ಕೆಲವೇ ವರ್ಷದಲ್ಲಿ ಸ್ಟಾಲಿನ್ ಅವನನ್ನು ದೇಶದಿಂದಲೇ ಹೊರಗೆ ಹಾಕಿದ. ಆಮೇಲೆ ಅದೇ ಎಫಿಮೊವ್ ಅದೇ ಟ್ರಾಟ್‌ಸ್ಕಿಯನ್ನು ಹಿಟ್ಲರನ ಕೈಯಾಳು ಅಂತ ಬರೆದ. ಕ್ರಾಂತಿಯ ಇನ್ನೊಬ್ಬ ನಾಯಕ ಬುಖಾರಿನ್ ಕಥೆಯೂ ಹಾಗೇ. 1934ರಿಂದ ಬುಖಾರಿನ್ ‘ಇಜ್ವೆಸ್ತಿಯಾ’ದ ಸಂಪಾದಕ, ಅಂದರೆ ಎಫಿಮೊವ್‌ಗೆ ದಿನಾ ಎದುರು ಸಿಗುವ ಸಂಪಾದಕ. 1938ರ ಮಾರ್ಚಿನಲ್ಲಿ ಬುಖಾರಿನ್ ಮೇಲೆ ದೇಶದ್ರೋಹದ ವಿಚಾರಣೆ ನಡೆದು ಗುಂಡಿಟ್ಟು ಕೊಂದರು. ಆ ವಿಚಾರಣೆಗಳ ಕಾಲದಲ್ಲಿ ಇಂಥ ಆರೋಪಿಗಳನ್ನು ಮನುಷ್ಯರಲ್ಲದ ಪ್ರಾಣಿಗಳಾಗಿ ಜನರಿಗೆ ತೋರಿಸಿದ್ದು ಎಫಿಮೊವ್‌ನ ಕುಂಚ.

ಆ ಕಾಲದ ಒಂದು ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1937ರ ಪೋಸ್ಟರ್. ಮೊಳೆಮೊಳೆಯಾಗಿ ಮುಳ್ಳು ಎದ್ದಿರುವ ದೊಡ್ಡ ಕೈಗವಸು. ಅದನ್ನು ತೊಟ್ಟವನು ರಹಸ್ಯ ಪೊಲೀಸಿನ ಮುಖ್ಯಸ್ಥ ಯೆಝೋವ್. ಆ ಮುಷ್ಟಿಯೊಳಗೆ ಹಲವು ತಲೆಯ ಹಾವು ಒದ್ದಾಡುತ್ತಿದೆ, ಹಾವಿನ ತಲೆಗಳಿಗೆ ವಿರೋಧಿ ನಾಯಕರ ಮುಖ. ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂದರೆ ನೋಡಿದವರ ಕಣ್ಣು ಮೊದಲು ಹೋಗುವುದು ಹಾವಿನ ಕಡೆಗೆ. ಕೈ ಯಾರದು, ಆ ಕೈ ಎಷ್ಟು ಜನರನ್ನು ಹಿಸುಕಿದೆ ಅಂತ ಕೇಳುವ ಹೊತ್ತಿಗೆ ಮನಸ್ಸು ಹಾವನ್ನು ಕೊಲ್ಲಬೇಕು ಅಂತ ಒಪ್ಪಿಬಿಟ್ಟಿರುತ್ತದೆ. ಹಾವಿಗೆ ವಕೀಲ ಬೇಡ, ಸಾಕ್ಷಿ ಬೇಡ. ಒಬ್ಬ ಮನುಷ್ಯನನ್ನು ಹಾವು, ಇಲಿ, ಜೇಡ ಅಂತ ಬರೆದರೆ ಅವನ ಮಾತನ್ನು ಕೇಳಬೇಕಾದ ಅಗತ್ಯವೇ ಹೋಗುತ್ತದೆ. ಇಂಥ ಚಿತ್ರದ ಕೆಲಸವೇ ಅದು.

ಇನ್ನೊಂದು ವಿಷಯ ಇದೆ. ಎಫಿಮೊವ್‌ನ ಸ್ವಂತ ಅಣ್ಣ ಮಿಖಾಯಿಲ್ ಕೊಲ್ತ್ಸೊವ್. ‘ಪ್ರಾವ್ದಾ’ದ ದೊಡ್ಡ ಪತ್ರಕರ್ತ, ‘ಕ್ರೊಕೊಡಿಲ್’ ಪತ್ರಿಕೆಗೇ ಸಂಪಾದಕನಾಗಿದ್ದವನು, ಸರ್ಕಾರದ ಪ್ರಚಾರಕ್ಕೆ ತಾನೂ ದುಡಿದವನು. 1938ರ ಡಿಸೆಂಬರಿನಲ್ಲಿ ಅವನನ್ನು ಬಂಧಿಸಿದರು. 1940ರ ಫೆಬ್ರವರಿಯಲ್ಲಿ ಗುಂಡಿಟ್ಟರು. ಆ ಮುಳ್ಳಿನ ಕೈಗವಸಿನ ಯೆಝೋವ್‌ನನ್ನೂ ಅದೇ ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದರು, ಅವನ ಮೇಲೂ ಅದೇ ದೇಶದ್ರೋಹದ ಆರೋಪ. ಎಫಿಮೊವ್‌ಗೆ ಸ್ವಲ್ಪ ಕಾಲ ಕೆಲಸ ಇಲ್ಲದಂತಾಯಿತು. ಆಮೇಲೆ ಮತ್ತೆ ಕರೆದರು. ಮತ್ತೆ ಬರೆದ. ಅಣ್ಣನನ್ನು ಕೊಂದವರಿಗೇ ಮುಂದೆ ದಶಕಗಟ್ಟಲೆ ಬರೆದ.

ಇದನ್ನು ಓದಿದಾಗ ನನಗೆ ಎಫಿಮೊವ್ ಮೇಲೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ನಿಂತು ಬೇಡ ಅನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು? ಆದರೆ ಹೆದರಿಕೆ ಆಯಿತು. ಆ ಚಿತ್ರಗಳನ್ನು ನೋಡಿದ ಲಕ್ಷಾಂತರ ಓದುಗರಿಗೆ ಈ ಯಾವುದೂ ಗೊತ್ತಿರಲಿಲ್ಲವಲ್ಲ ಅಂತ. ಅವರ ಕಣ್ಣಿಗೆ ಕಂಡದ್ದು ನಗಿಸುವ ಗೆರೆ ಮಾತ್ರ.

1947ರ ಇನ್ನೊಂದು ಪ್ರಸಂಗವನ್ನು ಎಫಿಮೊವ್ ತಾನೇ ಹೇಳಿಕೊಂಡಿದ್ದಾನೆ. ಪಕ್ಷದ ದೊಡ್ಡ ತಲೆ ಝ್ದಾನೊವ್ ಅವನನ್ನು ಕರೆಸಿ, ಸ್ಟಾಲಿನ್‌ಗೆ ಒಂದು ಕಾರ್ಟೂನಿನ ಐಡಿಯಾ ಬಂದಿದೆ ಅಂದ. ಅಮೆರಿಕದ ಜನರಲ್ ಐಸೆನ್‌ಹೋವರ್ ದೊಡ್ಡ ಸೈನ್ಯ ಕಟ್ಟಿಕೊಂಡು ಉತ್ತರ ಧ್ರುವಕ್ಕೆ ನುಗ್ಗುತ್ತಿದ್ದಾನೆ, ಅಲ್ಲಿ ಶತ್ರು ಯಾರೂ ಇಲ್ಲ, ಆದರೂ ರಷ್ಯಾದಿಂದ ಅಪಾಯ ಅನ್ನುತ್ತಿದ್ದಾನೆ. ಅದನ್ನು ಬರೆಯಬೇಕು. ಎಫಿಮೊವ್ ಮನೆಯಲ್ಲಿ ಚಿತ್ರ ಬರೆಯುತ್ತಾ ಕೂತಿದ್ದಾಗ ಫೋನ್ ಬಂತು. ಆ ಕಡೆ ಸ್ಟಾಲಿನ್. ಜನರಲ್‌ನ ಸುತ್ತ ವಿಮಾನ, ಹಡಗು, ಫಿರಂಗಿ ಎಲ್ಲ ಇರಬೇಕು ಅಂತ ಹೇಳಿ, ಸಂಜೆ ಆರರೊಳಗೆ ಚಿತ್ರ ಬೇಕು ಅಂದ. ಎಫಿಮೊವ್ ಸುತ್ತ ಎಸ್ಕಿಮೊಗಳನ್ನು ಬರೆದ, ಉತ್ತರ ಧ್ರುವದಲ್ಲಿ ಇಲ್ಲದ ಪೆಂಗ್ವಿನ್ ಒಂದನ್ನೂ ಸೇರಿಸಿದ. ವಾಪಸ್ ಬಂದ ಚಿತ್ರದ ಮೇಲೆ ಸ್ಟಾಲಿನ್ ಸ್ವತಃ ಕೆಂಪು ಪೆನ್ಸಿಲಿನಲ್ಲಿ ಅಡಿಬರಹ ತಿದ್ದಿದ್ದ. ಹಾಗೇ ‘ಪ್ರಾವ್ದಾ’ದಲ್ಲಿ ಅಚ್ಚಾಯಿತು. ಕೆಳಗೆ ಇದ್ದ ಸಹಿ ಮಾತ್ರ ಎಫಿಮೊವ್‌ನದು.

ಸಂಪಾದಕರೇ, ಆ ದಿನ ಆ ಕಾರ್ಟೂನನ್ನು ಬೇರೆ ದೇಶದ ಒಂದು ಪತ್ರಿಕೆ ತನ್ನ ಪುಟದಲ್ಲಿ ಮತ್ತೆ ಅಚ್ಚು ಹಾಕಿತ್ತು ಅಂದುಕೊಳ್ಳಿ. ಆ ಓದುಗನಿಗೆ ಇದು ಒಬ್ಬ ಕಲಾವಿದನ ಅಭಿಪ್ರಾಯ ಅಂತಲೇ ಅನ್ನಿಸಿರುತ್ತದೆ. ನಿಜದಲ್ಲಿ ಅದು ಒಬ್ಬ ಸರ್ವಾಧಿಕಾರಿ ಬರೆಸಿದ ಸಂಪಾದಕೀಯ.

ಎಲ್ಲ ಚಿತ್ರಕ್ಕೂ ಸ್ಟಾಲಿನ್ ಫೋನ್ ಮಾಡುತ್ತಿರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ‘ಕ್ರೊಕೊಡಿಲ್’ 1922ರಲ್ಲಿ ಶುರುವಾದ ನಗೆಪತ್ರಿಕೆ. ಮುಂದೆ ಅದರ ಪ್ರಸಾರ 50 ಲಕ್ಷ ದಾಟಿತು. ಅಲ್ಲಿ ಚಿತ್ರ ಬರೆಯುವವರು ಬೇರೆ, ಚಿತ್ರಕ್ಕೆ ವಿಷಯ ಹೊಳೆಯಿಸಿ ಕೊಡುವವರು ಬೇರೆ. ಎಲ್ಲರೂ ಮೇಜಿನ ಸುತ್ತ ಕೂತು ಯಾವ ವಿಷಯ ತೆಗೆದುಕೊಳ್ಳಬೇಕು ಅಂತ ತೀರ್ಮಾನ ಮಾಡುತ್ತಿದ್ದರು. ಯಾವುದನ್ನು ಮುಟ್ಟಬಾರದು ಅಂತ ಯಾರೂ ಹೇಳಬೇಕಿರಲಿಲ್ಲ, ಕೂತವರಿಗೆಲ್ಲ ಗೊತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ನಮ್ಮಲ್ಲಿ ಬಹಳ ಜನ ಗಮನಿಸುವುದಿಲ್ಲ. ‘ಕ್ರೊಕೊಡಿಲ್’ ಬರೀ ಅಮೆರಿಕವನ್ನು ಬಯ್ಯುತ್ತಿರಲಿಲ್ಲ. ತನ್ನ ದೇಶದವರನ್ನೂ ಬಯ್ಯುತ್ತಿತ್ತು. ಕುಡಿದು ಬರುವ ಕಾರ್ಖಾನೆ ಕೆಲಸಗಾರ, ನಲ್ಲಿ ರಿಪೇರಿಗೆ ಬಾರದ ಪ್ಲಂಬರ್, ಲಂಚ ತಿನ್ನುವ ಗುಮಾಸ್ತ, ಗಿರಾಕಿಯನ್ನು ಗದರಿಸುವ ಅಂಗಡಿಯವಳು, ಕಟ್ಟಿದ ವರ್ಷವೇ ಸೋರುವ ಮನೆ. ಓದುಗರು ಪತ್ರ ಬರೆದು ದೂರುತ್ತಿದ್ದರು, ಪತ್ರಿಕೆ ಅದರ ಬಗ್ಗೆ ಬರೆದರೆ ಸಂಬಂಧಪಟ್ಟ ಅಧಿಕಾರಿ ಉತ್ತರ ಕೊಡಬೇಕಾಗುತ್ತಿತ್ತು. ಹಾಗಾಗಿ ಜನ ಅದನ್ನು ಪ್ರೀತಿಯಿಂದಲೇ ಓದಿದರು. ಸರ್ಕಾರಿ ನಗು ಬಾಳುವುದೇ ಹೀಗೆ. ಪ್ಲಂಬರ್‌ನನ್ನು ಬಯ್ಯಬಹುದು, ಹೆಚ್ಚೆಂದರೆ ಅವನ ಮೇಲಿನ ಮ್ಯಾನೇಜರ್‌ನನ್ನು ಬಯ್ಯಬಹುದು. ಮನೆ ಯಾಕೆ ಸೋರುತ್ತದೆ ಅಂತ ಮೇಲೆ ಮೇಲೆ ಹುಡುಕುತ್ತಾ ಹೋದರೆ ಒಂದು ಕಡೆ ಗೆರೆ ನಿಂತುಬಿಡುತ್ತದೆ. ಅಲ್ಲಿಂದ ಮೇಲಿನವರ ಮುಖ ಆ ಪತ್ರಿಕೆಯಲ್ಲಿ ನಗೆಚಿತ್ರವಾಗಿ ಬರುವ ಹಾಗೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಓದುಗನಿಗೂ ವ್ಯವಸ್ಥೆಯ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು, ಮೇಲಿನವರಿಗೂ ಬಿಸಿ ತಟ್ಟುತ್ತಿರಲಿಲ್ಲ.

ಹಾಗಾಗಿ ಒಂದು ಪತ್ರಿಕೆ ಸರ್ಕಾರದ ಬಾಯಿಯೋ ಅಲ್ಲವೋ ಅಂತ ತಿಳಿಯಬೇಕಾದರೆ ಅದು ಯಾರನ್ನು ಬಯ್ದಿದೆ ಅಂತ ನೋಡಿದರೆ ಸಾಲದು. ಯಾರ ಮುಖ ಅದರಲ್ಲಿ ಒಮ್ಮೆಯೂ ಬಂದಿಲ್ಲ ಅಂತ ನೋಡಬೇಕು. ಒಂದೇ ಚಿತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ. ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹಾಕಿಕೊಂಡು ನೋಡಬೇಕು. ನೀವು ಬಿಡಿ ಚಿತ್ರ ತೆಗೆದು ಅಚ್ಚು ಹಾಕಿದಾಗ ಓದುಗನಿಗೆ ಈ ಅವಕಾಶವೇ ಸಿಗುವುದಿಲ್ಲ. ಅದಕ್ಕೇ ನಾನು ಇಷ್ಟೆಲ್ಲ ಗಲಾಟೆ ಮಾಡುತ್ತಿರುವುದು.

ಈ ನಗು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೂ ‘ಕ್ರೊಕೊಡಿಲ್’ನಲ್ಲೇ ಉದಾಹರಣೆ ಇದೆ. 1953ರ ಜನವರಿ 13ರಂದು ‘ಪ್ರಾವ್ದಾ’ ಒಂದು ಸುದ್ದಿ ಹಾಕಿತು. ಸೋವಿಯತ್ ನಾಯಕರನ್ನು ಔಷಧದ ನೆಪದಲ್ಲಿ ಕೊಲ್ಲಲು ವೈದ್ಯರ ಗುಂಪೊಂದು ಸಂಚು ಮಾಡಿದೆ ಅಂತ. ಹೆಸರು ಹಾಕಿದ ವೈದ್ಯರಲ್ಲಿ ಹೆಚ್ಚಿನವರು ಯಹೂದಿಗಳು. ಅದೇ ತಿಂಗಳು ‘ಕ್ರೊಕೊಡಿಲ್’ನಲ್ಲಿ ಚಿತ್ರ ಬಂತು. ಒಂದು ಬಲವಾದ ಕೈ ವೈದ್ಯನ ಕುತ್ತಿಗೆ ಹಿಡಿದಿದೆ, ಸೌಮ್ಯ ಮುಖದ ಮುಖವಾಡ ಕಳಚಿ ಬಿದ್ದಿದೆ, ಹಿಂದಿನ ಮುಖ ಕ್ರೂರವಾಗಿದೆ, ದುಡ್ಡು ಉದುರುತ್ತಿದೆ. ಮಾರ್ಚಿನಲ್ಲಿ ಸ್ಟಾಲಿನ್ ಸತ್ತ. ಏಪ್ರಿಲಿನಲ್ಲಿ ಅದೇ ಸರ್ಕಾರ ಇದೆಲ್ಲ ಕಟ್ಟುಕಥೆ ಅಂತ ಒಪ್ಪಿಕೊಂಡು, ಬದುಕಿದ್ದ ವೈದ್ಯರನ್ನು ಬಿಟ್ಟಿತು. ಸುದ್ದಿ ಸುಳ್ಳು ಅಂತ ‘ಪ್ರಾವ್ದಾ’ ಬರೆಯಿತು. ಆದರೆ ಆ ಮೂರು ತಿಂಗಳಲ್ಲಿ ಯಹೂದಿ ವೈದ್ಯರ ಹತ್ತಿರ ಹೋಗಲು ಹೆದರಿದ ಜನರ ಮನಸ್ಸಿನಲ್ಲಿ ಕೂತ ಆ ಮುಖವನ್ನು ಅಳಿಸುವುದು ಹೇಗೆ? ಸುದ್ದಿಗೆ ತಿದ್ದುಪಡಿ ಹಾಕಬಹುದು, ಚಿತ್ರಕ್ಕೆ ಹಾಕಲು ಬರುವುದಿಲ್ಲ.

ಎಫಿಮೊವ್ ಸ್ವತಃ ಯಹೂದಿ ಮನೆತನದವನು. ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗೆ ಅವನನ್ನು ಸೋವಿಯತ್ ಸರ್ಕಾರ ಕಳಿಸಿತ್ತು. ಅಲ್ಲಿ ಕಟಕಟೆಯಲ್ಲಿ ಕೂತ ನಾಜಿಗಳ ಚಿತ್ರ ಬರೆದ. ಆ ಕಟಕಟೆಯಲ್ಲಿ ಇದ್ದವರಲ್ಲಿ ಜೂಲಿಯಸ್ ಸ್ಟ್ರೈಕರ್ ಕೂಡ ಒಬ್ಬ. ಯಹೂದಿಗಳನ್ನು ಅಸಹ್ಯವಾಗಿ ಬರೆಸಿ, ವಾರವಾರ ಅಚ್ಚು ಹಾಕಿ, ದ್ವೇಷ ಬಿತ್ತಿದ ಪತ್ರಿಕೆಯವನು. ಅವನು ತನ್ನ ಕೈಯಾರೆ ಯಾರನ್ನೂ ಕೊಂದಿರಲಿಲ್ಲ. ದ್ವೇಷ ಹಚ್ಚಿದ್ದಕ್ಕೇ 1946ರ ಅಕ್ಟೋಬರಿನಲ್ಲಿ ಗಲ್ಲಿಗೇರಿದ. ಬರೀ ಚಿತ್ರ ತಾನೆ ಅನ್ನುವವರಿಗೆ ಆ ನ್ಯಾಯಾಲಯ ಅಂದೇ ಉತ್ತರ ಕೊಟ್ಟಿದೆ.

ಇದೆಲ್ಲ ಕಮ್ಯುನಿಸ್ಟ್ ದೇಶದ, ಹಿಟ್ಲರನ ದೇಶದ ಕಥೆ, ಪ್ರಜಾಪ್ರಭುತ್ವದಲ್ಲಿ ಹೀಗಾಗುವುದಿಲ್ಲ ಅಂತ ಕೆಲವರು ಹೇಳಬಹುದು. ಹಾಗೇನಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಪ್ರಚಾರಕ್ಕೆಂದೇ ಒಂದು ಸಮಿತಿ ಮಾಡಿತ್ತು, ಅದರ ಕೆಳಗೆ ಕಾರ್ಟೂನುಗಳಿಗೇ ಬೇರೆ ವಿಭಾಗ. ಆ ವಿಭಾಗ ವಾರಕ್ಕೊಮ್ಮೆ ದೇಶದ ನೂರಾರು ಕಾರ್ಟೂನಿಸ್ಟ್‌ಗಳಿಗೆ ಒಂದು ಬುಲೆಟಿನ್ ಕಳಿಸುತ್ತಿತ್ತು. ಯುದ್ಧಸಾಲದ ಬಾಂಡ್ ಕೊಳ್ಳಿ ಅಂತ ಬರೆಯಿರಿ, ಆಹಾರ ಉಳಿಸಿ ಅಂತ ಬರೆಯಿರಿ, ಹೀಗೆ ಆ ವಾರಕ್ಕೆ ಸರ್ಕಾರಕ್ಕೆ ಬೇಕಾದ ವಿಷಯಗಳ ಪಟ್ಟಿ. ಪತ್ರಿಕೆಗಳೆಲ್ಲ ಖಾಸಗಿಯವು, ಕಲಾವಿದರು ಸ್ವತಂತ್ರರು. ಓದುಗನಿಗೆ ಮಾತ್ರ ಒಂದೇ ವಾರ ಎಲ್ಲ ಪೇಪರಿನಲ್ಲೂ ಒಂದೇ ಮಾತು. ಬ್ರಿಟನ್ ಕೂಡ ಅದೇ ಯುದ್ಧದಲ್ಲಿ ಡಚ್ ಕಲಾವಿದ ರೆಮೇಕರ್ಸ್ ಬರೆದ ಜರ್ಮನಿ ವಿರೋಧಿ ಚಿತ್ರಗಳನ್ನು ಹತ್ತಾರು ಭಾಷೆಯಲ್ಲಿ ಹಂಚಿತು. ತಟಸ್ಥ ದೇಶದವನ ಚಿತ್ರ ಆದ್ದರಿಂದ ಜನ ಹೆಚ್ಚು ನಂಬುತ್ತಾರೆ ಅನ್ನುವ ಲೆಕ್ಕ. ವ್ಯತ್ಯಾಸ ಇಲ್ಲ ಅಂತ ನಾನು ಹೇಳುವುದಿಲ್ಲ. ಅಮೆರಿಕದ ಕಾರ್ಟೂನಿಸ್ಟ್ ಬುಲೆಟಿನ್ ಕಸದ ಬುಟ್ಟಿಗೆ ಹಾಕಿದರೆ ಅವನನ್ನು ಯಾರೂ ಗುಂಡಿಟ್ಟು ಕೊಲ್ಲುತ್ತಿರಲಿಲ್ಲ. ಅದು ಸಣ್ಣ ವ್ಯತ್ಯಾಸ ಅಲ್ಲ.

ಈಗಿನ ಕಾಲಕ್ಕೆ ಬರೋಣ. 2020ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ತನ್ನದೇ ಸೈನಿಕರ ಬಗ್ಗೆ ಒಂದು ತನಿಖಾ ವರದಿ ಬಿಡುಗಡೆ ಮಾಡಿತು. ಅಫ್ಗಾನಿಸ್ತಾನದಲ್ಲಿ 39 ಜನರನ್ನು ಕಾನೂನುಬಾಹಿರವಾಗಿ ಕೊಂದದ್ದಕ್ಕೆ ನಂಬುವಂಥ ಮಾಹಿತಿ ಸಿಕ್ಕಿದೆ ಅಂತ ಆ ವರದಿ ಹೇಳಿತು. ಭಯಂಕರ ವಿಷಯ. ಕೆಲವೇ ದಿನದಲ್ಲಿ ಚೀನಾದ ವಿದೇಶಾಂಗ ವಕ್ತಾರ ಝಾವೊ ಲಿಜಿಯಾನ್ ಟ್ವಿಟರಿನಲ್ಲಿ ಒಂದು ಚಿತ್ರ ಹಾಕಿದರು. ಆಸ್ಟ್ರೇಲಿಯಾ ಸೈನಿಕನೊಬ್ಬ ನಗುತ್ತಾ ಅಫ್ಗನ್ ಮಗುವಿನ ಕುತ್ತಿಗೆಗೆ ಚಾಕು ಹಿಡಿದಿದ್ದಾನೆ, ಮಗುವಿನ ಕೈಯಲ್ಲಿ ಕುರಿಮರಿ. ಚೀನಾದ ಫು ಯು ಅನ್ನುವ ಕಲಾವಿದ ಕಂಪ್ಯೂಟರಿನಲ್ಲಿ ಮಾಡಿದ್ದು. ಆಸ್ಟ್ರೇಲಿಯಾ ಪ್ರಧಾನಿ ಸ್ಕಾಟ್ ಮಾರಿಸನ್ ಕ್ಷಮೆ ಕೇಳಿ ಅಂದರು. ಕೊಲೆಗಳ ಮೇಲೆ ಬರಬೇಕಾದ ಸಿಟ್ಟು ಚಿತ್ರದ ಮೇಲೆ ಯಾಕೆ ಅನ್ನುವ ಧಾಟಿಯಲ್ಲಿ ಚೀನಾ ಉತ್ತರ ಕೊಟ್ಟಿತು.

ಆ ಉತ್ತರದಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದು ಗಟ್ಟಿಯಾಗಿ ನಿಲ್ಲುತ್ತದೆ. ಕೊಲೆಗಳು ನಿಜ, ಸತ್ತವರ ಮನೆಯವರ ನೋವು ನಿಜ. ಆದರೆ ಆ ಕೊಲೆಗಳನ್ನು ಬಯಲಿಗೆ ತಂದದ್ದು ಆಸ್ಟ್ರೇಲಿಯಾದ್ದೇ ತನಿಖೆ, ಅಲ್ಲಿನದೇ ಪತ್ರಕರ್ತರು. ಚೀನಾದ ಕಲಾವಿದ ತನ್ನ ದೇಶದ ಸೈನ್ಯದ ಬಗ್ಗೆ ಇಂಥ ಚಿತ್ರ ಬರೆದರೆ ವಕ್ತಾರರು ಅದನ್ನು ಟ್ವೀಟ್ ಮಾಡುತ್ತಾರಾ? ಆ ಟ್ವಿಟರ್ ಕೂಡ ಚೀನಾದೊಳಗೆ ಜನಸಾಮಾನ್ಯರಿಗೆ ಸಿಗುವುದಿಲ್ಲ. ಅಂದರೆ ಆ ಚಿತ್ರ ಅಲ್ಲಿ ಹಾಕಿದ್ದೇ ಹೊರಗಿನವರಿಗಾಗಿ, ನಮ್ಮಂಥವರಿಗಾಗಿ.

ಅದೇ ವರ್ಷ ಏಪ್ರಿಲಿನಲ್ಲಿ ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಶಿನ್‌ಹುವಾ ಒಂದು ಅನಿಮೇಷನ್ ಬಿಟ್ಟಿತ್ತು, ಲೆಗೊ ಗೊಂಬೆಗಳಂಥ ಪಾತ್ರಗಳದ್ದು. ಚೀನಾದ ಹಳೇ ಮಣ್ಣಿನ ಪ್ರತಿಮೆಯಂಥ ಟೆರಾಕೋಟಾ ಯೋಧ ಕೊರೊನಾ ಬಗ್ಗೆ ಎಚ್ಚರಿಸುತ್ತಾ ಹೋಗುತ್ತಾನೆ, ಅಮೆರಿಕದ ಲಿಬರ್ಟಿ ಪ್ರತಿಮೆ ಒಂದೊಂದನ್ನೂ ತಳ್ಳಿಹಾಕುತ್ತದೆ. ನೋಡಲು ಮುದ್ದಾಗಿದೆ, ಮಕ್ಕಳಿಗೂ ಅರ್ಥವಾಗುತ್ತದೆ. ಅಮೆರಿಕ ಎಡವಿದ್ದು ಸುಳ್ಳಲ್ಲ. ಆದರೆ ವುಹಾನ್‌ನಲ್ಲಿ ಮೊದಲೇ ಎಚ್ಚರಿಸಿದ ವೈದ್ಯ ಲಿ ವೆನ್‌ಲಿಯಾಂಗ್‌ರನ್ನು ಪೊಲೀಸರು ಕರೆಸಿ ಗದರಿಸಿ ಸಹಿ ಹಾಕಿಸಿಕೊಂಡದ್ದು, ಆಮೇಲೆ ಅವರು ಅದೇ ಕಾಯಿಲೆಯಿಂದ ಸತ್ತದ್ದು, ಆ ಗೊಂಬೆಯಾಟದಲ್ಲಿ ಎಲ್ಲೂ ಇಲ್ಲ. ಇಂಥ ಚಿತ್ರ ಏನು ತೋರಿಸಿತು ಅನ್ನುವುದಕ್ಕಿಂತ ಏನನ್ನು ಬಿಟ್ಟಿತು ಅಂತ ನೋಡಬೇಕು ಅಂತ ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕೇ.

ನಮ್ಮ ಮೇಲೂ ಇದು ನಡೆದಿದೆ. 2017ರ ಆಗಸ್ಟಿನಲ್ಲಿ ಭಾರತ, ಚೀನಾ ಸೈನ್ಯಗಳು ಎದುರುಬದುರು ನಿಂತ ಡೋಕ್ಲಾಮ್ ಬಿಕ್ಕಟ್ಟಿನ ನಡುವೆ ಅದೇ ಶಿನ್‌ಹುವಾ ಭಾರತದ ಏಳು ಪಾಪಗಳು ಅಂತ ಇಂಗ್ಲಿಷಿನಲ್ಲಿ ಒಂದು ವಿಡಿಯೊ ಮಾಡಿತು. ನಟನೊಬ್ಬನಿಗೆ ಪೇಟ ಸುತ್ತಿ, ಅಂಟುಗಡ್ಡ ಹಚ್ಚಿ, ಭಾರತೀಯರ ಉಚ್ಚಾರಣೆಯನ್ನು ಅಣಕಿಸಿ ತೋರಿಸಿದರು. ಅದು ಕಾರ್ಟೂನಲ್ಲ, ಆದರೆ ಕೆಲಸ ಅದೇ. ಆಗ ನಮ್ಮವರೆಲ್ಲ ಉರಿದುಬಿದ್ದರು. ಅದೇ ಸಂಸ್ಥೆಗಳು ಅಮೆರಿಕವನ್ನು ಆಡಿಕೊಂಡಾಗ ಮಾತ್ರ ನಾವು ಖುಷಿಯಿಂದ ಹಂಚುತ್ತೇವೆ.

ಈಗ ಹಾಂಗ್‌ಕಾಂಗ್ ನೋಡಿ. ಅಲ್ಲಿ ‘ಮಿಂಗ್ ಪಾವೊ’ ಪತ್ರಿಕೆಯಲ್ಲಿ ಝುನ್‌ಝಿ ಅನ್ನುವ ಹೆಸರಿನಲ್ಲಿ ಒಬ್ಬರು 1983ರಿಂದ ಕಾರ್ಟೂನು ಬರೆಯುತ್ತಿದ್ದರು. ಬ್ರಿಟಿಷರು ಇದ್ದಾಗಲೂ ಬರೆದರು, ಚೀನಾ ಬಂದ ಮೇಲೂ ಬರೆದರು. ಕೊನೆಕೊನೆಗೆ ಸರ್ಕಾರದ ಅಧಿಕಾರಿಗಳು ಅವರ ಚಿತ್ರಗಳನ್ನು ಪದೇ ಪದೇ ಬಹಿರಂಗವಾಗಿ ಖಂಡಿಸತೊಡಗಿದರು. 2023ರ ಮೇ ತಿಂಗಳಲ್ಲಿ ಪತ್ರಿಕೆ ಅವರ ಅಂಕಣ ನಿಲ್ಲಿಸಿತು. ಸಾರ್ವಜನಿಕ ಗ್ರಂಥಾಲಯಗಳ ಕಪಾಟಿನಿಂದ ಅವರ ಪುಸ್ತಕಗಳೂ ಹೋದವು. 40 ವರ್ಷದ ಕೆಲಸ. ಯಾರನ್ನೂ ಜೈಲಿಗೆ ಹಾಕಬೇಕಾಗಲಿಲ್ಲ. ಆದರೆ ಅದೇ ಊರಿನಲ್ಲಿ ಕುರಿಗಳ ಹಳ್ಳಿಯ ಕಥೆಯಿರುವ ಮಕ್ಕಳ ಚಿತ್ರಪುಸ್ತಕ ಮಾಡಿದ್ದಕ್ಕೆ ಐದು ಜನ ಜೈಲಿಗೂ ಹೋದರು, 2022ರಲ್ಲಿ ತಲಾ 19 ತಿಂಗಳ ಶಿಕ್ಷೆ. ಒಂದು ಕಡೆ ಸರ್ಕಾರ ಒಬ್ಬನ ಚಿತ್ರವನ್ನು ಲೋಕಕ್ಕೆಲ್ಲ ಹಂಚುತ್ತದೆ, ಇನ್ನೊಂದು ಕಡೆ ಇನ್ನೊಬ್ಬರ ಚಿತ್ರವನ್ನು ಲೈಬ್ರರಿಯಿಂದ ತೆಗೆಯುತ್ತದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಓದುಗನಿಗೆ ಬೇರೆ ವಿವರಣೆಯೇ ಬೇಡ.

ದೇಶ ಬಿಟ್ಟು ಹೋದವರ ದಾರಿಯೂ ಸುಲಭವಲ್ಲ. ‘ರೆಬೆಲ್ ಪೆಪ್ಪರ್’ ಅನ್ನುವ ಹೆಸರಿನಲ್ಲಿ ಬರೆಯುವ ವಾಂಗ್ ಲಿಮಿಂಗ್ 2014ರಲ್ಲಿ ಜಪಾನಿಗೆ ಹೋಗಿದ್ದಾಗ ಚೀನಾದ ಸರ್ಕಾರಿ ಮಾಧ್ಯಮದಲ್ಲಿ ಅವರ ಮೇಲೆ ದಾಳಿ ಶುರುವಾಯಿತು, ಅಲ್ಲಿನ ಅವರ ಖಾತೆಗಳನ್ನು ಅಳಿಸಿದರು, ಅವರು ವಾಪಸ್ ಹೋಗಲಿಲ್ಲ. 2017ರಲ್ಲಿ ಅಮೆರಿಕದ ರೇಡಿಯೊ ಫ್ರೀ ಏಷ್ಯಾ ಸೇರಿದರು. ಅದಕ್ಕೆ ದುಡ್ಡು ಕೊಟ್ಟದ್ದು ಅಮೆರಿಕ ಸರ್ಕಾರ. ಅವರ ಚಿತ್ರಗಳು ನನಗೆ ಇಷ್ಟ, ಅವರ ಧೈರ್ಯದ ಬಗ್ಗೆ ಅನುಮಾನವೇ ಇಲ್ಲ. ಆದರೂ ಅವರು ಅಲ್ಲಿ ಬರೆದ ಚಿತ್ರವನ್ನು ನೀವು ಅಚ್ಚು ಹಾಕಿದರೆ ಅದರ ಕೆಳಗೂ ಆ ಮಾತು ಇರಬೇಕು. ನನ್ನ ಬೇಡಿಕೆ ಒಂದು ದೇಶದ ಮೇಲೆ ಅಲ್ಲ. ನಮಗೆ ಇಷ್ಟವಾದ ಚಿತ್ರಕ್ಕೂ ಅದೇ ನಿಯಮ.

ನಮ್ಮ ದೇಶದ ವಿಷಯವನ್ನೂ ಬಿಡಬಾರದು. 1975ರ ಎಮರ್ಜೆನ್ಸಿಯಲ್ಲಿ ಕಾರ್ಟೂನುಗಳನ್ನೂ ಅಚ್ಚಿಗೆ ಮೊದಲು ಸೆನ್ಸಾರ್‌ಗೆ ತೋರಿಸಬೇಕಿತ್ತು. ಅಬು ಅಬ್ರಹಾಂ ಬರೆದ ಎಷ್ಟೋ ಚಿತ್ರಗಳು ಪಾಸಾಗಲಿಲ್ಲ. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲೇ ಕೂತು ಸುಗ್ರೀವಾಜ್ಞೆಗೆ ಸಹಿ ಹಾಕುವ ಆ ಪ್ರಸಿದ್ಧ ಚಿತ್ರ ಅದು ಹೇಗೋ ಪಾರಾಗಿ ಡಿಸೆಂಬರಿನಲ್ಲಿ ಅಚ್ಚಾಯಿತು. ‘ಶಂಕರ್ಸ್ ವೀಕ್ಲಿ’ ಅನ್ನುವ ಕಾರ್ಟೂನು ಪತ್ರಿಕೆ ಅದೇ ವರ್ಷ ನಿಂತುಹೋಯಿತು. 2012ರಲ್ಲಿ ಮುಂಬೈಯಲ್ಲಿ ಅಸೀಮ್ ತ್ರಿವೇದಿಯನ್ನು ಕಾರ್ಟೂನಿಗಾಗಿ ರಾಜದ್ರೋಹದ ಕೇಸಿನಲ್ಲಿ ಬಂಧಿಸಿದರು. 2025ರ ಫೆಬ್ರವರಿಯಲ್ಲಿ ಪ್ರಧಾನಿಯನ್ನು ಸಂಕೋಲೆಯಲ್ಲಿ ತೋರಿಸಿದ ಒಂದು ಚಿತ್ರಕ್ಕಾಗಿ ತಮಿಳಿನ ‘ವಿಕಟನ್’ ವೆಬ್‌ಸೈಟನ್ನೇ ಮುಚ್ಚಿಸಿದರು, ಕೋರ್ಟಿಗೆ ಹೋಗಬೇಕಾಯಿತು. ಬೇರೆ ಬೇರೆ ಪಕ್ಷದ ಸರ್ಕಾರಗಳು, ಅಸಹನೆ ಒಂದೇ. ಕರ್ನಾಟಕದಲ್ಲೂ 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಜೆಪಿಯ ರಾಜ್ಯ ಘಟಕದ ಖಾತೆಯಲ್ಲಿ ಗೂಡು, ಮೊಟ್ಟೆ, ಮರಿಗಳ ಅನಿಮೇಷನ್ ಬಂದದ್ದು, ಒಂದು ಸಮುದಾಯವನ್ನು ಇನ್ನೊಬ್ಬರ ಪಾಲು ಕಸಿಯುವ ಮರಿಯಾಗಿ ತೋರಿಸಿದ್ದು, ಚುನಾವಣಾ ಆಯೋಗ ಅದನ್ನು ತೆಗೆಸಲು ಹೇಳಿದ್ದು ನಿಮಗೂ ನೆನಪಿರಬೇಕು. ಅದು ಪಕ್ಷದ್ದು, ಸರ್ಕಾರಿ ಮಾಧ್ಯಮದ್ದಲ್ಲ, ಆ ವ್ಯತ್ಯಾಸ ನನಗೆ ಗೊತ್ತು. ಆದರೆ ಮನುಷ್ಯರನ್ನು ಪ್ರಾಣಿ ಮಾಡಿ ತೋರಿಸುವ ಆ ಹಳೇ ವಿದ್ಯೆ ಈಗ ಯಾರ ಮೊಬೈಲಿಗೆ ಬೇಕಾದರೂ ಬರುತ್ತದೆ, ಯಾವ ಪಕ್ಷ ಬೇಕಾದರೂ ಮಾಡಬಹುದು.

ಹಾಗಾದರೆ ಏನು ಮಾಡಬೇಕು? ಹೊರದೇಶದ ಕಾರ್ಟೂನು ಹಾಕುವಾಗ ಕಲಾವಿದರ ಹೆಸರು, ಪತ್ರಿಕೆಯ ಹೆಸರು, ಅದು ಸರ್ಕಾರದ್ದಾದರೆ ಸರ್ಕಾರದ್ದು ಅಂತ ಒಂದು ಸಾಲು ಹಾಕಿ. ಸಹಿ ಇಲ್ಲದ, ಮೂಲ ಸಿಗದ ಚಿತ್ರ ಹಾಕಬೇಡಿ, ಎಷ್ಟೇ ಚೆನ್ನಾಗಿರಲಿ. ಸಾಧ್ಯವಾದಾಗ ಅದೇ ದೇಶದಲ್ಲಿ ಅದೇ ವಿಷಯಕ್ಕೆ ಬರೆದು ಜಾಗ ಕಳೆದುಕೊಂಡವರ ಚಿತ್ರವನ್ನೂ ಪಕ್ಕಕ್ಕೆ ಹಾಕಿ. ಇದಕ್ಕೆ ದೊಡ್ಡ ಖರ್ಚಿಲ್ಲ, ಡೆಸ್ಕಿನಲ್ಲಿ ಒಬ್ಬರು ಹತ್ತು ನಿಮಿಷ ಹುಡುಕಿದರೆ ಸಾಕು.

ಇನ್ನೊಂದು ಮಾತು ಕೇಳಲೇಬೇಕು. ಅಂತರ್ಜಾಲದಿಂದ ಹೊರದೇಶದ ಚಿತ್ರ ತೆಗೆದು ಹಾಕುವುದು ಪುಕ್ಕಟೆ ಅಂತ ನಮ್ಮ ಪತ್ರಿಕೆಗಳು ಒಬ್ಬೊಬ್ಬರಾಗಿ ತಮ್ಮ ಕಾರ್ಟೂನಿಸ್ಟ್‌ಗಳ ಜಾಗ ಕಡಿಮೆ ಮಾಡುತ್ತಾ ಬಂದಿವೆ. ಮುಖಪುಟದಲ್ಲಿ ದಿನಾ ಇರುತ್ತಿದ್ದ ಸಣ್ಣ ಕಾರ್ಟೂನು ಎಷ್ಟೋ ಕಡೆ ಈಗ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಟ್ಯಾಬ್ ಮೇಲೆ ಚೆನ್ನಾಗಿ ಬರೆಯುವ ಹುಡುಗರು, ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ಫೇಸ್‌ಬುಕ್‌ನಲ್ಲಿ ಹಾಕುತ್ತಾರೆ, ಬೈಗುಳ ತಿನ್ನುತ್ತಾರೆ, ಬಿಡಿಗಾಸು ಸಿಗುವುದಿಲ್ಲ. ಅವರನ್ನು ಕರೆದು ಜಾಗ ಕೊಡಿ, ಸಂಭಾವನೆ ಕೊಡಿ. ಅವರು ಊರಿನ ಶಾಸಕರನ್ನೂ ಬರೆಯಲಿ, ವಿರೋಧ ಪಕ್ಷದವರನ್ನೂ ಬರೆಯಲಿ, ನಿಮಗೆ ಪುಟಗಟ್ಟಲೆ ಜಾಹೀರಾತು ಕೊಡುವ ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ ಎರಡನ್ನೂ ಬರೆಯಲಿ. ಹಾಗೆ ಬಂದ ಚಿತ್ರಕ್ಕೆ ಯಾರಾದರೂ ದೊಡ್ಡವರು ನಿಮಗೆ ಫೋನ್ ಮಾಡಿ ಇನ್ನು ಮುಂದೆ ಹೀಗೆ ಹಾಕಬೇಡಿ ಅಂದರೆ, ಫೋನ್ ಬಂದ ಸುದ್ದಿಯನ್ನು ಮರುದಿನ ಅದೇ ಜಾಗದಲ್ಲಿ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ
ಧಾರವಾಡ